ಕೆಂಪು ಕೋಟಿನ ಒಳಜೇಬು

ಬೋರೇಶ, ಮೊದಲು ಆ ಕನ್ನಡಕ ತೆಗಿ.
ಬಿಸಿಲೇರೋಕೆ ಇನ್ನೂ ಮೂರು ಗಂಟೆ ಅದೆ.
ಕತ್ತಲಲ್ಲಿ ಕಪ್ಪು ಗಾಜು ಹಾಕ್ಕೊಂಡು
ಯಾರ ಕಣ್ಣು ತಪ್ಪಿಸ್ಬೇಕು ನೀನು?

ಈ ಕೋಟು ತೊಡು.
ಭಾರ ಅನ್ನಿಸ್ತದೆ. ಅನ್ನಿಸಲಿ.
ಮೈಸೂರಲ್ಲಿ, ಮಂಡಿ ಮೊಹಲ್ಲದ ಘೌಸ್ ಸಾಬರು
ಇನಾಸಪ್ಪನಿಗೆ ಅಂತ ಹೊಲಿದದ್ದು.
ಟೇಪು ಹಿಡಿದು ಅವರು ಅಂದದ್ದು ಒಂದೇ ಮಾತಂತೆ:
'ಉಸಿರು ಎಳ್ಕೊಂಡು ನಿಂತ್ಕೊ.'
ತುಂಬಿದ ಎದೆಯ ಅಳತೆ ಇದು.
ಗುಮಾಸ್ತನ ಅಳತೆ ಬೇರೆ, ಊದೋನ ಅಳತೆ ಬೇರೆ.

ಕಾಲರ್ ಒಳಗೆ ಶಾಯೀಲಿ ಹೆಸರು ನೋಡು.
ಇನಾಸಪ್ಪ. ಅದನ್ನ ಹೊಡೆದು ಚೆಲುವರಾಯಿ.
ಅದನ್ನೂ ಹೊಡೆದು ನಾನು.
ನಿನ್ನದು ಈಗಲೇ ಬೇಡ,
ಒಂದು ಲಗ್ನದ ಕಾಲ ಕಳೀಲಿ.

ಗಂಡಿಗಿಂತ ಚೆನ್ನಾಗಿ ಕಾಣಬೇಡ
(ಕೆಲವು ಸಲ ಕಷ್ಟ ಅದು, ಒಪ್ತೀನಿ).
'ಏಯ್, ಆ ಹಂಡೆ ಎತ್ತು ಬಾ' ಅನ್ನೋ ಹಂಗೂ ಕಾಣಬೇಡ.
ಬೀಗರೂಟದ ದಿನ ಕೋಟು ಬಿಚ್ಚಿಟ್ಟು ಕೂರು.
ಕೆಂಪು ಬಟ್ಟೇಲಿ ಸಾರು ಕಾಣಲ್ಲ ಅಂತಿದ್ದ ಚೆಲುವರಾಯಿ.
ಕಾಣಲ್ಲ, ನಿಜ. ಮುಂದಿನ ಮದುವೆ
ಬರೀ ಒಗ್ಗರಣೆಯೋರದಾದ್ರೆ ಮೂಗಿಗೆ ಗೊತ್ತಾಗ್ತದೆ.

ಒಳ್ಳೆ ಅಂಗಿ ಹೊಲಿಸಿದ್ದೀಯ, ಗೊತ್ತು.
ನಾನೂ ಒಂದ್ಸಲ ಹಾಕ್ಕೊಂಡು ಹೋಗಿದ್ದೆ
ಪಾಂಡವಪುರದ ಛತ್ರಕ್ಕೆ,
ನನ್ನ ಮದುವೇಲಿ ಮಾವ ಕೊಟ್ಟ ರೇಷ್ಮೆ ಅಂಗಿ.
ಬಾಗಿಲಲ್ಲೇ ಹೆಣ್ಣಿನ ಸೋದರತ್ತೆ
ಪನ್ನೀರು ಚಿಮುಕಿಸಿ, ಗಂಧ ಹಚ್ಚಿ,
'ಬನ್ನಿ ಬೀಗರೇ, ತಿಂಡಿ ಆಗಲಿ' ಅಂದರು.
ಮೊದಲ ಪಂಕ್ತಿ.
ಎಲೆ ತುದೀಲಿ ಉಪ್ಪು ಬಿತ್ತು, ಖಾರಾಬಾತು ಬಿತ್ತು,
ಕೇಸರಿಬಾತು ಎರಡು ಸಲ.
ನಾನು ಬಾಯಿ ಬಿಡಲಿಲ್ಲ. ತಪ್ಪು ನಂದೇ.
ಕೈ ತೊಳೆದು ಬಂದು ಕಾರ್ನೆಟ್ ಎತ್ತಿದೆ.
ಆಯಮ್ಮ ಅಲ್ಲೇ ನಿಂತಿದ್ದರು.
ಬಯ್ಯಲಿಲ್ಲ ಕಣೋ. ಬೈದಿದ್ರೆ ಒಂದು ನಮೂನೆ.
ಪನ್ನೀರುದಾನಿಯನ್ನ
ಆ ಕೈಯಿಂದ ಈ ಕೈಗೆ
ಬದಲಾಯಿಸಿಕೊಂಡರು, ಅಷ್ಟೇ.

ಆವತ್ತಿಂದ ಈ ಕೋಟು.
ದೂರದಿಂದಲೇ ಹೇಳಿಬಿಡ್ತದೆ,
ಯಾರೂ ಮೋಸಹೋಗೋದಿಲ್ಲ, ನೀನೂ.

ಆದರೂ ಕೇಳು.
ಮಗಳು ಸುಗುಣನ ಧಾರೆ ದಿನ ನಾನು ಪಂಚೆ, ಶಲ್ಯ.
ಬ್ಯಾಂಡು ಮದ್ದೂರಿನೋರದು. ನಮ್ಮೋರು ಬೇಡ ಅಂದಿದ್ದೆ,
ಒಂದಿನವಾದ್ರೂ ಊಟಕ್ಕೆ ಅಂತ ಬರಲಿ.
ಎರಡೂ ಕೈ ಎಲ್ಲಿಡಬೇಕೋ ತಿಳೀದೆ
ಶಲ್ಯದ ಅಂಚು ಹಿಡ್ಕೊಂಡಿದ್ದೆ.
ಗಟ್ಟಿಮೇಳ ಅಂದರು.
ಅವರ ಮೂರನೇ ಹುಡುಗನ ಕೋಟಿಗೆ ಗುಂಡಿ ಇರಲಿಲ್ಲ,
ಊದಿದಾಗೆಲ್ಲ ಬನಿಯನ್ ಇಣುಕೋದು.
ಎಲ್ಲರೂ ಅಕ್ಷತೆ ಎಸೀತಿದ್ದಾರೆ,
ನಾನು ಆ ಗುಂಡಿಯಿಲ್ಲದ ಜಾಗ ನೋಡ್ತಿದ್ದೀನಿ.
ತಾಳಿ ಕಟ್ಟಿದ್ದು ನೋಡಲಿಲ್ಲ.
ನಮ್ಮನೇಲಿ ಇವತ್ತಿಗೂ ಹೇಳಿಲ್ಲ.
ಆಮೇಲೆ ಕೈತೊಳೆಯೋ ಕಡೆ ಹೋಗಿ
ಹುಡುಗನಿಗೆ ಒಂದು ಪಿನ್ನು ಕೊಟ್ಟೆ.
'ಬತ್ತೀವಿ ಯಜಮಾನ್ರೆ' ಅಂದ.
ಹಿಂದೆ ತಿರುಗಿ ನೋಡಿದೆ, ಯಾರಿಗಪ್ಪ ಅಂತ.

ಅದಕ್ಕೇ ಒಳಜೇಬಲ್ಲಿ ಮೂರು ಪಿನ್ನು ಯಾವಾಗಲೂ ಇರಲಿ.
ಎರಡು ಲವಂಗ.
ಮಿಕ್ಕ ಜಾಗ ಮೌತ್‌ಪೀಸಿಗೆ.
ಮಾಘದ ಮುಂಜಾವಿಗೆ ಹಿತ್ತಾಳೆ ತುಟಿ ಕಚ್ತದೆ,
ಎದೆಗೆ ತಾಗಿಸಿ ಇಟ್ಕೊ,
ಗುತ್ತಲಿಂದ ಮಳವಳ್ಳಿ ಮುಟ್ಟೋ ಹೊತ್ತಿಗೆ
ನಿನ್ನಷ್ಟೇ ಬೆಚ್ಚಗಾಗ್ತದೆ.

ವ್ಯಾನು ಬಂತು.
ನಾನಾ? ನಾನು ಮುಂದಿನ ಸೀಟು.
ಅಡ್ವಾನ್ಸು ಎಣಿಸೋಕೆ ಈ ಅಂಗಿ ಸಾಕು.
ಗುಂಡಿ ಹಾಕು, ಮೇಲಿನದೊಂದು ಬಿಡು, ಕತ್ತು ಉಬ್ಬಬೇಕು.
ಉಸಿರು ಎಳ್ಕೊ, ನೋಡೋಣ.

ಹ್ಞೂಂ.
ಇನಾಸಪ್ಪನ ಎದೆ ಇನ್ನೂ ಅಗಲ ಇತ್ತು.
ಇರಲಿ, ತುಂಬ್ಕೊಳ್ತದೆ.
ಆ ಕನ್ನಡಕ ಇಲ್ಲಿ ಕೊಡು.