ಜನವರಿ ಒಂದು

ಕುತೈಸಿಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.
ಹೋಯಿತು, ಬಂತು. ಬಂದ ಮೇಲೆ ಲಾಮಾರಾಳ ಕಂಪ್ಯೂಟರು
ಎದ್ದು ಕೂತು, ಕಣ್ಣುಜ್ಜಿಕೊಂಡು, ಮತ್ತದೇ ರಾಗ:
ಅಪ್‌ಡೇಟ್ ಆಗಲಿಲ್ಲ. ಆಮೇಲೆ ಪ್ರಯತ್ನಿಸಿ.
ಕೆಳಗೊಂದು ಅಂಕಿಯ ಸಾಲು, ಸೊನ್ನೆ, ಇಂಟು, ಎಂಟು, ಸೊನ್ನೆ,
ಯಾರದೋ ಮನೆಯ ಬೀಗದ ಗುಟ್ಟಿನಂತೆ.

ಆಮೇಲೆ ಎಂದರೆ ಯಾವಾಗ?
ಆ ಆಮೇಲೆಗೆ ಇಂದಿಗೆ ಹದಿನೇಳು ದಿನ.

ನಲವತ್ತು ವರ್ಷ ಪರರ ಮನೆಯ ಪಿಯಾನೊಗಳ
ಶ್ರುತಿ ಕೂಡಿಸಿದವಳು. ಹಾಗಾಗಿ ಮೊದಲು
ಕಿವಿಯನ್ನೇ ಡಬ್ಬಿಗೆ ಆನಿಸಿದಳು.
ಫ್ಯಾನಿನದೊಂದು ಮಂದ್ರ, ಕೂದಲೆಳೆಯಷ್ಟು ಇಳಿದಿದೆ.
ಡಿಸ್ಕಿನದು, ತಟ್ಟೆಯಲ್ಲಿ ಯಾರೋ ಕಾಳು ಆರಿಸುವ ಸದ್ದು.
ರೋಗವಿಲ್ಲ, ಎಂದಿತು ಕಿವಿ. ಇದು ಬೇರೇನೋ.

ಬತುಮಿಯಿಂದ ತಂಗಿಯ ಮಗ ಬಾದ್ರಿ, ಫೋನಿನಲ್ಲಿ:
ಆಫ್ ಮಾಡಿ ಆನ್ ಮಾಡು, ದೊಡ್ಡಮ್ಮ.
ಮಾಡಿದೆ.
ಜಾಗ ಖಾಲಿ ಮಾಡು.
ಒಂದು ಮದುವೆಯ ವಿಡಿಯೊ ಅಳಿಸಿದೆ. ಆ ಮದುವೆಯೂ ಉಳಿದಿಲ್ಲ.
ಪ್ರಿಂಟರ್ ಕಿತ್ತುಬಿಡು.
ಕಿತ್ತೆ. ಅದರ ಮೇಲೀಗ ಬೆಕ್ಕು ಮಲಗಿದೆ.
ರೂಟರ್?
ನಿನಗಿಂತ ಚೆನ್ನಾಗಿ ಕಣ್ಣು ಮಿಟುಕಿಸುತ್ತಿದೆ.
ಹಾಗಾದರೆ, ಎಂದ. ಲೈಟರಿನ ಸದ್ದು.
ಹಾಗಾದರೆ ಮೂಲೆಯಲ್ಲಿ ಗಂಟೆ ಎಷ್ಟಿದೆ ನೋಡು.

ಹನ್ನೆರಡೂ ಹತ್ತು.
ಕಿಟಕಿಯಾಚೆ ಸಂಜೆ, ರಿಯೋನಿ ನದಿಯ ಮೇಲೆ ಜಾರುವ ಬೆಳಕು.
ಗಂಟೆಯ ಕೆಳಗೆ ತಾರೀಖು:
ಜನವರಿ ಒಂದು, ಎರಡು ಸಾವಿರದ ಎಂಟು.

ಅಯ್ಯೋ, ಅಷ್ಟೇನಾ! ಒಳಗೊಂದು ಬ್ಯಾಟರಿ, ನಾಣ್ಯದಷ್ಟು,
ಸತ್ತಿದೆ. ಕರೆಂಟು ಹೋದಾಗಲೆಲ್ಲ ಅದು
ಹೊತ್ತು ಮರೆತು, ಹುಟ್ಟಿದ ದಿನಕ್ಕೇ ಓಡುತ್ತದೆ.
ಅಲ್ಲಿ ಕೂತು, ಇವತ್ತಿನ ಮೊಹರು ಹೊತ್ತು ಬಂದ ಕಾಗದವನ್ನು
ಖೋಟಾ ಇದು, ಈ ವರ್ಷ ಇನ್ನೂ ಹುಟ್ಟಿಲ್ಲ, ಎಂದು
ಹೊಸ್ತಿಲಿಂದಲೇ ತಿರುಗಿಸಿ ಕಳಿಸುತ್ತದೆ.
ಎರಡು ರೊಟ್ಟಿಯ ದುಡ್ಡು, ದೊಡ್ಡಮ್ಮ. ನಾಳೆ ತಂದುಬಿಡು.

ಅವಳು ನಗಲಿಲ್ಲ.
ಆ ಜನವರಿಯಲ್ಲಿ ಅವಳಿದ್ದದ್ದು ಗೋರಿಯಲ್ಲಿ.
ನಮ್ಮಲ್ಲಿ ಆ ಪದಕ್ಕೆ ಅರ್ಥ ಬೇರೆ; ಅಲ್ಲಿ ಅದೊಂದು ಊರು,
ಗುಡ್ಡ, ಕೋಟೆ, ಸುತ್ತ ಸೇಬಿನ ತೋಟ.
ನಾಲ್ಕನೇ ಮಹಡಿ. ಹಲ್ಲು ಹಳದಿಯಾದ ಪಿಯಾನೊ.
ಕೆಳಗಿನ ಮನೆಯ ಎಕಾ ದಿನಾ ಆರಕ್ಕೆ ಬಂದು
ಒಂದೇ ಜಾಗದಲ್ಲಿ ತಪ್ಪುತ್ತಿದ್ದಳು, ಎಡಗೈಯ ಕಿರುಬೆರಳು.
ಆಗಸ್ಟು ಇನ್ನೂ ಬಂದಿರಲಿಲ್ಲ.
ಬಂದದ್ದು ಮೇಲಿನಿಂದ. ಅದನ್ನು ಅವಳು ಯಾರಿಗೂ ಹೇಳುವುದಿಲ್ಲ.

ಮೂರು ದಿನ ಬ್ಯಾಟರಿ ತರಲಿಲ್ಲ.
ಕರೆಂಟು ಹೋಗಿ ಬಂದಾಗ ಮೂಲೆ ನೋಡುವಳು:
ಇದೆ. ಜನವರಿ ಒಂದು. ಇನ್ನೂ ಏಳು ತಿಂಗಳಿದೆ.
ಆ ಹಠಮಾರಿ ಪೆಟ್ಟಿಗೆಯ ಮೇಲೆ
ಅವಳಿಗೊಂದು ಮರ್ಯಾದೆ ಹುಟ್ಟಿತು.

ನಾಲ್ಕನೆಯದು ತೆರಿಗೆಯ ಕಡೇ ದಿನ.
ತೆರಿಗೆಯವರು ಹಳೆಯ ಜನವರಿಯನ್ನು ಒಪ್ಪುವುದಿಲ್ಲ.
ಗಡಿಯಾರ ರಿಪೇರಿಯ ಅವ್ತಾಂದಿಲ್ ಕೇಳಿದ, ಯಾವ ವಾಚಿಗೆ?
ವಾಚಿಗಲ್ಲ, ವರ್ಷಕ್ಕೆ, ಎಂದಳು. ಅವನು ಚಿಲ್ಲರೆ ಕೊಟ್ಟ.

ಮುಚ್ಚಳ ಬಿಚ್ಚಿ, ಹಳೆಯದನ್ನು ಉಗುರಲ್ಲಿ ಮೀಟಿ,
ಹೊಸದನ್ನು ಒತ್ತಿದಳು. ಟಕ್.
ಒಳ್ಳೆಯ ಸ್ವರ, ಚಿಕ್ಕದು.

ತಾರೀಖನ್ನು ಕೈಯಾರೆ ತುಂಬಬೇಕು.
ಮೊದಲು ತಿಂಗಳು ಏರಿಸಿದರೆ ಆ ಆಗಸ್ಟನ್ನು ಹಾಯಬೇಕು.
ಮೊದಲು ವರ್ಷ ಏರಿಸಿದಳು, ಬಾಣ ಒತ್ತಿ ಒತ್ತಿ,
ಆಮೇಲೆ ತಿಂಗಳು.

ನೂರಕ್ಕೆ ಏಳು. ನೂರಕ್ಕೆ ಹನ್ನೆರಡು.
ದಯವಿಟ್ಟು ಆಫ್ ಮಾಡಬೇಡಿ, ಎಂದಿತು ಪರದೆ.
ನಾನಲ್ಲಪ್ಪ ಮಾಡುವುದು, ಎಂದು ಕುರ್ಚಿ ಎಳೆದುಕೊಂಡಳು.
ಮೂವತ್ತೊಂದರಲ್ಲಿ ಎದುರು ಮನೆಯ ದೀಪ ಒಮ್ಮೆ ಮಂಕಾಯಿತು.
ಬೆಕ್ಕೂ ತಲೆಯೆತ್ತಿತು.