ಬೆನ್ನೊಳಗಿನ ಕಾಗದ

ಮೀನು ಕೊಯ್ದ ಕೈ. ನಿಂಬೆಹೋಳು ತಿಕ್ಕಿ ತೊಳೆದರೂ
ಉಗುರ ಸಂದಿಯಲ್ಲಿ ಬಂದರು ಉಳಿದೇ ಇರುತ್ತದೆ.
ದೊನಾ ದಿಯೊಲಿಂದಾ ಮೂಸಿ, ಮುಖ ತಿರುವಿ,
"ಇನ್ನೊಮ್ಮೆ ತೊಳಿ ವಲ್ದೆಮಾರ್. ನನ್ನ ಗಿರಾಕಿಗಳು
ಓದುವವರು, ಬೆಕ್ಕುಗಳಲ್ಲ."

ಗುರುವಾರ ಸಂಜೆ. ಪೋರ್ತೊದ ಕಡಿದಾದ ಓಣಿಯಲ್ಲಿ
ಉಪ್ಪುಮೀನಿನ ಅಂಗಡಿಯ ಕೆಳಗೆ ಹದಿನಾಲ್ಕು ಮೆಟ್ಟಿಲಿಳಿದರೆ
ಅವಳ ನೆಲಮಾಳಿಗೆ. ಕಲಿಯುವವರು ಮೂವರು:
ಟ್ರಾಮಿನಲ್ಲಿ ಟಿಕೆಟ್ ಹರಿಯುವ ಕಸಿಲ್ದಾ,
ಕೆಲಸ ಬಿಟ್ಟ ಒಬ್ಬ ದಂತವೈದ್ಯ, ನಾನು.
ದಂತವೈದ್ಯನ ಕೈ ನಮ್ಮಿಬ್ಬರಿಗಿಂತ ಚುರುಕು,
ಅದಕ್ಕೇ ಅವನಿಗೆ ಬೈಗುಳ ಹೆಚ್ಚು.

ಮೊದಲ ತಿಂಗಳು ಬರೀ ಮಡಿಸಿದೆವು.
ಹಾಳೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಬೇಕು,
ಎಳೆ ಯಾವ ದಿಕ್ಕಿಗಿದೆ ಎಂದು ಅದೇ ಹೇಳುತ್ತದೆ.
ಒಂದು ಕಡೆ ಒಪ್ಪುತ್ತದೆ, ಇನ್ನೊಂದು ಕಡೆ ಎದುರಾಡುತ್ತದೆ.
"ಎದುರಾಡಿದ ಕಡೆ ಮಡಿಸಿದರೆ
ನೂರು ವರ್ಷದ ಜಗಳ ಹೊಲಿದಿಟ್ಟ ಹಾಗೆ."

ಎರಡನೆಯ ತಿಂಗಳು ಬರೀ ಬಿಚ್ಚಿದೆವು.

ಅವಳ ಕೈ ಈಗ ನಡುಗುತ್ತದೆ. ಸೂಜಿಗೆ ದಾರ ನಾವೇ ಪೋಣಿಸುತ್ತೇವೆ,
ದಾರಕ್ಕೆ ಮೇಣ ನಾವೇ ಸವರುತ್ತೇವೆ.
ಅವಳು ದೀಪಕ್ಕೆ ಬೆನ್ನು ಹಾಕಿ ಕೂತು ಕಿವಿಯಲ್ಲಿ ನೋಡುತ್ತಾಳೆ.
ಮಡಿಕೆಯಿಂದ ಮಡಿಕೆಗೆ ದಾರ ಸರಿಯುವ ಸದ್ದು
ತುಸು ಕೀರಲಾದರೆ, "ಬಿಗಿಯಾಯ್ತು. ಉಸಿರು ಕಟ್ಟುತ್ತದೆ ಪುಸ್ತಕಕ್ಕೆ."
ಸದ್ದೇ ಇಲ್ಲದಿದ್ದರೆ, "ನಿದ್ದೆ ಹೋದೆಯೇನು?"
ಅಂಟಿನ ಹದಕ್ಕೂ ಅವಳಲ್ಲಿ ಅಳತೆಯಿಲ್ಲ.
ಕುಂಚ ಎತ್ತಿದಾಗ ಹನಿ, ಬೀಳಲೋ ಬೇಡವೋ ಎಂದು
ಒಂದು ಗಳಿಗೆ ಯೋಚಿಸಬೇಕು. ಅಷ್ಟೇ.

ನವೆಂಬರಿನಲ್ಲಿ ಬಂತು ನಗರಸಭೆಯ ನೀರಿನ ಕಂದಾಯದ ಪುಸ್ತಕ,
ಅರವತ್ತೆರಡನೆಯ ಇಸವಿಯಲ್ಲಿ ಕಟ್ಟಿದ್ದು. ರಟ್ಟು ಜೋಲುತ್ತಿತ್ತು.
ಅದು ನನ್ನ ಪಾಲಿಗೆ.
ಬೆನ್ನಿಗೆ ಒದ್ದೆ ಹಿಟ್ಟು ಮೆತ್ತಿ, ಹಳೆಯ ಅಂಟು ನೆನೆಸಿ,
ಎಲುಬಿನ ಪಟ್ಟಿಯಲ್ಲಿ ಕೆರೆಯುತ್ತ ಹೋದೆ.
ಚರ್ಮ ಬಂತು. ಬಟ್ಟೆ ಬಂತು. ಬಟ್ಟೆಯಡಿ ತಲೆಕೆಳಗಾಗಿ
ಕೆಂಪಕ್ಷರ: ರೊಟ್ಟಿ. ಕೂಲಿ. ಹೆದರಬೇ
ಅಲ್ಲಿಗೆ ಕತ್ತರಿಸಿತ್ತು.

ಕರೆದೆ. ಅವಳು ನೋಡಲಿಲ್ಲ, ಬೆರಳಲ್ಲಿ ಸವರಿದಳು.
ನಡುಕ ಒಂದು ಕ್ಷಣ ನಿಂತಿತು ಎಂದು ಬರೆದರೆ ಸುಳ್ಳು. ನಿಲ್ಲಲಿಲ್ಲ.

"ನನಗೆ ಹದಿನೈದು. ಮೇಜಿನ ಮೇಲೆ ಏಳು ಪುಸ್ತಕ, ಆಗಷ್ಟೇ ಅಂಟು ಹಚ್ಚಿದ್ದೆ.
ಡ್ರಾಯರಿನಲ್ಲಿ ಧಣಿ ಅನ್ಸೆಲ್ಮೊ ಬಚ್ಚಿಟ್ಟ ಕರಪತ್ರ.
ಮೇಲೆ ಬೂಟು. ಧಣಿ ಮೆಟ್ಟಿಲಿಗೆ ಅಡ್ಡ ನಿಂತು ಕೆಮ್ಮಿದ,
ಅಷ್ಟುದ್ದದ ಕೆಮ್ಮು ಆಮೇಲೆ ನಾನು ಕೇಳಿಲ್ಲ.
ಕತ್ತರಿಸಿದೆ, ಹಚ್ಚಿದೆ, ಮೇಲೆ ಬಟ್ಟೆ ಎಳೆದೆ.
ಒಬ್ಬ ಪೊಲೀಸ ಹಸಿ ಬೆನ್ನಿನ ಮೇಲೆ ಮೊಣಕೈ ಊರಿ
ನನ್ನ ಹೆಸರು ಕೇಳಿದ. ತೋಳಿಗೆ ಅಂಟಾಯಿತು.
ನಾನೇ ಒರೆಸಿಕೊಟ್ಟೆ."

ಹನ್ನೆರಡು ವರ್ಷ, ಆ ಸರ್ಕಾರ ಬೀಳುವ ತನಕ,
ಗುಮಾಸ್ತರು ಆ ಮಾತಿನ ಬೆನ್ನು ಹಿಡಿದೇ ಪುಟ ತೆರೆದರು,
ಮನೆಮನೆಯ ನೀರಿನ ಲೆಕ್ಕ ನೋಡಿದರು.

ಮ್ಯೂಸಿಯಮ್ಮಿಗೆ ಕೊಡಬೇಕು ಎಂದಳು ಕಸಿಲ್ದಾ.
ದಂತವೈದ್ಯ ಕನ್ನಡಕ ಒರೆಸಿಕೊಂಡ.
ದಿಯೊಲಿಂದಾಳಿಗೆ ಬೇರೆಯೇ ಚಿಂತೆ:
"ಇಲ್ಲಿ ನೋಡಿ, ಸುಕ್ಕು. ಅವಸರದಲ್ಲಿ ಅಡ್ಡ ಎಳೆಗೆ ಹಚ್ಚಿಬಿಟ್ಟಿದ್ದೇನೆ.
ಇಷ್ಟು ವರ್ಷ ಈ ಬೆನ್ನು ಸರಿಯಾಗಿ ಬಾಗಲೇ ಇಲ್ಲ, ಪಾಪ."

ಆಮೇಲೆ ನನಗೆ: "ಹೊಸ ಕಾಗದ ಹಚ್ಚು, ಎಳೆ ನೋಡಿ.
ಈ ಚೂರನ್ನು ಹಿಂದಿನ ರಟ್ಟಿನೊಳಗೆ ಒಂದು ಜೇಬು ಮಾಡಿ ಇಡು.
ಹೊತ್ತದ್ದು ಸಾಕು ಅದು."

ಇವತ್ತು ಬೆಳಗ್ಗೆ ಮೀನುಕಟ್ಟೆಯಲ್ಲಿ
ಬಂಗುಡೆ ಸುತ್ತಲು ಹಳೆಯ ಪೇಪರು ಎತ್ತಿದೆ.
ಉದ್ದಕ್ಕೊಮ್ಮೆ ಬಾಗಿಸಿದೆ, ಅಡ್ಡಕ್ಕೊಮ್ಮೆ ಬಾಗಿಸಿದೆ,
ಕಿವಿಯ ಹತ್ತಿರ ತಂದೆ.
ಎದುರಿಗಿದ್ದ ಮುದುಕಿ ಚಿಲ್ಲರೆ ಎಣಿಸಿ ಮುಗಿಸಿದ್ದಳು.
"ಬೇಗ ಕಟ್ಟಪ್ಪ," ಎಂದಳು, "ಬೆಕ್ಕಿಗೆ."