ಗುರುವಾರದ ಒಬ್ಬೆ

ಐಡಹೋದ ಆಲೂಗಡ್ಡೆ ಹೊಲಗಳ ನಡುವೆ
ರಾತ್ರಿಯಿಡೀ ದೀಪ ಉರಿಸಿಕೊಂಡು ನಿಂತ ಮಂದಿರ.
ನೆಲಮಾಳಿಗೆಯಲ್ಲಿ ಆರ್ವಿಲ್ಲಾ ಥೋರಪ್,
ಇಪ್ಪತ್ತಾರು ವರ್ಷ ಬಿಳಿ ಬಟ್ಟೆ ಒಗೆದ ಕೈ.

ಹಿಂದೆಲ್ಲ ಗುರುವಾರವೆಂದರೆ ಹನ್ನೊಂದು ಒಬ್ಬೆ.
ಇವತ್ತು ಒಂದು; ಅದೂ ಅರ್ಧ.

ಮೇಲೆ ಅರವತ್ತು ಕುರ್ಚಿ, ಏಳು ಜನ,
ಅದರಲ್ಲಿ ಮೂವರು ಬಾಗಿಲು ಕಾಯುವವರೇ.
ಬಿಷಪ್ ಹಾಳೆ ಹಂಚಿ ಹೆಸರು ಬರೆಸಿಕೊಂಡರು.
ಹುಡುಗರು ಹೂಂ ಅಂದರು, ಬರಲಿಲ್ಲ.
ಅವಳ ಮಗಳೂ.
"ಬಿಡುವಿಲ್ಲಮ್ಮ" ಅನ್ನುತ್ತಿದ್ದವಳು
ಹೋದ ತಿಂಗಳು "ಮನಸ್ಸಿಲ್ಲಮ್ಮ" ಅಂದಳು.
ಎರಡನೆಯದು ಕೇಳಿ ಆರ್ವಿಲ್ಲಾ
ತುಸು ಹಗುರಾದಳು, ಯಾಕೋ.

ಉಡದ ಬಟ್ಟೆ ಮಡಿಕೆಯಲ್ಲೇ ಹಳದಿಯಾಗುತ್ತದೆ.
ಬಿಡಿಸಿ ಮತ್ತೆ ಒಗೆಯುತ್ತಾಳೆ.
ಯಾರ ಬೆವರೂ ಇಲ್ಲದ ನೀರು
ತಿಳಿಯಾಗಿಯೇ ಹೊರಟುಹೋಗುತ್ತದೆ.

ಇವತ್ತು ಒಂದು ತೋಳಿನೊಳಗೆ ಸಿಕ್ಕಿದ್ದು
ನೆಂದು ಮೆತ್ತಗಾದ ಗುಲಾಬಿ ಚೀಟಿ:
ಮಾರೆನ್, ನೀಲ್ಸನ ಮಗಳು, ಜಟ್ಲೆಂಡ್.
ಹುಟ್ಟಿದ್ದು ೧೭೯೧. ಸತ್ತದ್ದು ಗೊತ್ತಿಲ್ಲ.
ಅವಳ ಪರವಾಗಿ ಇನ್ನೂ ಯಾರೂ ಎದ್ದು ನಿಂತಿಲ್ಲ.

ಇಸ್ತ್ರಿಪೆಟ್ಟಿಗೆ ಆರಿಸಿ
ಉಳಿದ ಬಿಸಿಗೆ ಚೀಟಿ ಹಿಡಿದು
"ಇರು ತಾಯಿ, ಬಂದೆ" ಅಂದಳು,
ಯಾರಿಗೋ ಫೋನಿನಲ್ಲಿ ಹೇಳುವ ಹಾಗೆ.

ಮಂಡಿ ನೋವು.
ಮೆಟ್ಟಿಲು ಹತ್ತೊಂಬತ್ತು.